‘ಓವರ್‌ಹೆಡ್’ ಎಂಬುದಕ್ಕೆ ಮೇಲ್ವೆಚ್ಚವೋ, ಪರೋಕ್ಷ ವೆಚ್ಚವೋ?

ಬಲ್ಲವರೆಲ್ಲರಿಗೂ ನಮಸ್ಕಾರ.

ಸಂಶೋಧನಾ ಅನುದಾನಕ್ಕೆ ಮೊದಲ ಸಲ ಅರ್ಜಿ ಹಾಕುವ ವಿಶ್ವವಿದ್ಯಾಲಯದ ಅಧ್ಯಾಪಕರಿಗಾಗಿ ಒಂದು ತರಬೇತಿ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಪ್ರಸ್ತಾವನೆ, ಪ್ರಧಾನ ಸಂಶೋಧಕ, ಹಣ ಬಳಕೆ ಪ್ರಮಾಣಪತ್ರ ಮುಂತಾದವು ಕಚೇರಿ ಕನ್ನಡದಲ್ಲಿ ಆಗಲೇ ಬೇರುಬಿಟ್ಟಿವೆ. ಅವುಗಳ ಬಗ್ಗೆ ತಕರಾರಿಲ್ಲ. ಕೆಲಸ ಕಟ್ಟಿಹೋಗಿರುವುದು ‘ಓವರ್‌ಹೆಡ್’ ಎಂಬಲ್ಲಿ.

ಹಣಕಾಸಿನ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸಂಶೋಧನಾ ಸಹಾಯಕರ ಸಂಬಳ, ರಾಸಾಯನಿಕಗಳು, ಕ್ಷೇತ್ರಕಾರ್ಯದ ಪ್ರಯಾಣ, ಇವು ನೇರ ವೆಚ್ಚ. ಯಾವ ಯೋಜನೆಗೆ ಎಷ್ಟು ಹೋಯಿತೆಂದು ರಸೀದಿ ತೋರಿಸಬಹುದು. ಕಟ್ಟಡ, ವಿದ್ಯುತ್ತು, ಗ್ರಂಥಾಲಯ, ಲೆಕ್ಕಪತ್ರ ವಿಭಾಗ, ನೈತಿಕ ಸಮಿತಿ ಹಾಗಲ್ಲ. ಎಲ್ಲ ಯೋಜನೆಗಳಿಗೂ ಇವು ಬೇಕು, ಯಾವುದೊಂದರ ಸ್ವತ್ತೂ ಅಲ್ಲ. ಪ್ರಯೋಗಾಲಯದ ದೀಪ ಯಾರ ಯೋಜನೆಗಾಗಿ ಎಷ್ಟು ಹೊತ್ತು ಉರಿಯಿತೆಂದು ಯಾರೂ ಬರೆದಿಡುವುದಿಲ್ಲ. ಆದ್ದರಿಂದ ನೇರ ವೆಚ್ಚಕ್ಕೆ ಇಂತಿಷ್ಟು ಶೇಕಡಾ ಎಂಬ ದರ ಹಾಕಿ, ಆ ಮೊತ್ತವನ್ನು ಸಂಸ್ಥೆಗೆ ಕೊಡುತ್ತಾರೆ. ಇದೇ ‘ಓವರ್‌ಹೆಡ್’.

ಪಾರಿಭಾಷಿಕ ಪದಪಟ್ಟಿಗಳಲ್ಲಿ ಸಿಗುವ ‘ಮೇಲ್ವೆಚ್ಚ’ ನೋಡಲು ಚೆಂದ, ಉಚ್ಚಾರಕ್ಕೆ ಸುಲಭ. ಆದರೆ ಹಣದ ಮಾತಿನಲ್ಲಿ ‘ಮೇಲ್’ ಬಂದರೆ ಕನ್ನಡದ ಕಿವಿಗೆ ಕೇಳಿಸುವುದು ‘ಹೆಚ್ಚುವರಿ’ ಎಂದೇ. ಮೇಲ್ತೆರಿಗೆ ಇದ್ದ ತೆರಿಗೆಯ ಮೇಲೆ ಹೇರಿದ್ದು. ಮೇಲ್ಖರ್ಚು ಅಂದುಕೊಂಡ ಖರ್ಚಿನಾಚೆ ಕೈಬಿಟ್ಟು ಹೋದದ್ದು. ಮೇಲ್ಸಂಪಾದನೆಯ ಅರ್ಥವನ್ನು ವಿವರಿಸಬೇಕಾಗಿಯೇ ಇಲ್ಲ. ಮೇಲ್ವಿಚಾರಣೆ, ಮೇಲ್ಛಾವಣಿಗಳಲ್ಲಿ ಈ ಛಾಯೆ ಇಲ್ಲ ನಿಜ, ಆದರೆ ಅಲ್ಲಿ ಹಣವೂ ಇಲ್ಲ. ‘ಅನುದಾನದಲ್ಲಿ ವಿಶ್ವವಿದ್ಯಾಲಯ ಮೇಲ್ವೆಚ್ಚ ಹಿಡಿದುಕೊಳ್ಳುತ್ತದೆ’ ಎಂದು ಬರೆದರೆ, ತನ್ನ ಹಣಕ್ಕೆ ಯಾರೋ ಕತ್ತರಿ ಹಾಕಿದರೆಂದೇ ಅಧ್ಯಾಪಕರು ತಿಳಿಯುತ್ತಾರೆ. ಸಂಶೋಧಕರಿಗೂ ಆಡಳಿತ ಕಚೇರಿಗೂ ಮೊದಲೇ ಅಷ್ಟಕ್ಕಷ್ಟೆ. ಅದಕ್ಕೆ ಪದವೂ ಗಾಳಿ ಹಾಕುವುದು ಬೇಡ ಎಂಬುದು ನನ್ನ ನಿಲುವು.

ಇನ್ನು ‘ಪರೋಕ್ಷ ವೆಚ್ಚ’. ಪರೋಕ್ಷ ತೆರಿಗೆಯಿಂದಾಗಿ ಪತ್ರಿಕೆ ಓದುವವರಿಗೆಲ್ಲ ಪರಿಚಿತ, ನೇರ ವೆಚ್ಚಕ್ಕೆ ಜೋಡಿಯಾಗಿಯೂ ಹೊಂದುತ್ತದೆ. ಪರೋಕ್ಷವೆಂದರೆ ಕಣ್ಣಿಗೆ ಕಾಣದ್ದು, ಬೆನ್ನ ಹಿಂದಿನದು. ಪರೋಕ್ಷದಲ್ಲಿ ಆಡುವ ಮಾತು ಒಳ್ಳೆಯದಿರುವುದು ಅಪರೂಪ. ಆದರೂ ಮೇಲ್ವೆಚ್ಚಕ್ಕಿಂತ ಇದೇ ವಾಸಿ ಎನಿಸುತ್ತದೆ. ‘ಸಾಮಾನ್ಯ ವೆಚ್ಚ’ ಎಂದು ಒಬ್ಬರು ಸೂಚಿಸಿದರು. ಎಲ್ಲರಿಗೂ ಸೇರಿದ್ದು ಎಂಬ ಅರ್ಥ ಸಂಸ್ಕೃತದಲ್ಲಿ ಸರಿಯೇ. ಕನ್ನಡದಲ್ಲಿ ಸಾಮಾನ್ಯವೆಂದರೆ ವಿಶೇಷವಲ್ಲದ್ದು, ಅಷ್ಟೇ.

ಪದ ಯಾವುದಾದರೂ ಆಗಲಿ, ವಾಕ್ಯ ಕಟ್ಟುವಾಗ ಇನ್ನೊಂದು ತೊಡಕಿದೆ: ದರ ಯಾವ ಮೊತ್ತಕ್ಕೆ ಎಂಬುದು. ಫೆಬ್ರುವರಿ 2025ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಈ ದರವನ್ನು ಎಲ್ಲ ಸಂಸ್ಥೆಗಳಿಗೂ ಶೇ 15ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಸರ್ಕಾರದೊಂದಿಗೆ ಮಾತುಕತೆ ನಡೆಸಿ ನಿಗದಿ ಮಾಡಿಕೊಂಡ ದರ ಶೇ 50ನ್ನೂ ದಾಟುತ್ತದೆ. ಗಲಾಟೆ ಎದ್ದು, ವಿಷಯ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಬಂತು. ಈ ಸುದ್ದಿಯನ್ನು ‘ಅನುದಾನದ ಶೇ 50ರಷ್ಟು ಆಡಳಿತಕ್ಕೆ’ ಎಂದು ಬರೆದರೆ ಎರಡು ತಪ್ಪಾಗುತ್ತವೆ. ದರವಿರುವುದು ಅನುದಾನದ ಒಟ್ಟು ಮೊತ್ತಕ್ಕಲ್ಲ, ನೇರ ವೆಚ್ಚಕ್ಕೆ. ನೇರ ವೆಚ್ಚ 100 ಇದ್ದು ದರ ಶೇ 50 ಆದರೆ ಒಟ್ಟು 150. ಅದರಲ್ಲಿ ಸಂಸ್ಥೆಯ ಪಾಲು ಮೂರನೇ ಒಂದು, ಅರ್ಧವಲ್ಲ. ಎರಡನೆಯದಾಗಿ, ಆ ಪಾಲಿನಲ್ಲಿ ಕಟ್ಟಡ, ಸೌಲಭ್ಯಗಳ ಭಾಗ ಬೇರೆ, ಆಡಳಿತದ ಭಾಗ ಬೇರೆ. ಆಡಳಿತದ ಭಾಗದ ದರಕ್ಕೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಶೇ 26ರ ಮಿತಿ 1991ರಿಂದಲೇ ಇದೆ. ಮೇಲಾಗಿ, ದುಬಾರಿ ಉಪಕರಣಗಳಂಥ ಕೆಲವು ಬಾಬುಗಳನ್ನು ಕಳೆದು ಉಳಿದ ನೇರ ವೆಚ್ಚಕ್ಕಷ್ಟೇ ದರ ಅನ್ವಯಿಸುತ್ತದೆ. ಯುರೋಪಿನ ಒಕ್ಕೂಟದ ‘ಹೊರೈಜನ್ ಯುರೋಪ್’ ಕಾರ್ಯಕ್ರಮದಲ್ಲಿ ಇಷ್ಟು ಗೋಜಲಿಲ್ಲ: ಅರ್ಹ ನೇರ ವೆಚ್ಚಕ್ಕೆ ಶೇ 25, ಉಪಗುತ್ತಿಗೆಯಂಥ ಕೆಲವನ್ನು ಬಿಟ್ಟು. ಹೀಗೆ ದರ ಯಾವುದಕ್ಕೆ ಅನ್ವಯಿಸುತ್ತದೋ ಆ ಮೊತ್ತಕ್ಕೂ ಒಂದು ಪದ ಬೇಕಾಗಿದೆ. ‘ಆಧಾರ ಮೊತ್ತ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಇನ್ನೊಂದು ಚಿಕ್ಕ ಸಂದೇಹ. ಯೋಜನೆಯ ವೆಚ್ಚದಲ್ಲಿ ಒಂದು ಭಾಗವನ್ನು ವಿಶ್ವವಿದ್ಯಾಲಯವೇ ಭರಿಸುತ್ತೇನೆಂದು ಒಪ್ಪುವುದುಂಟು. ‘ವಂತಿಗೆ’ ಎಂಬ ಹಳೆಯ ಒಳ್ಳೆಯ ಪದ ಇಲ್ಲಿಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಆದರೆ ‘ವಂತಿಗೆ ಹಾವಳಿ’ ಎಂದು ಪತ್ರಿಕೆಗಳು ಬರೆದು ಬರೆದು, ಆ ಪದ ಈಗ ಶಾಲಾ ಪ್ರವೇಶದ ಡೊನೇಷನ್ನಿಗೇ ಅಂಟಿಕೊಂಡಿದೆ. ‘ಸಂಸ್ಥೆಯ ಪಾಲು’ ಎನ್ನೋಣವೆಂದರೆ, ಅದು ಸಂಸ್ಥೆ ಕೊಡುವ ಪಾಲೋ ಪಡೆಯುವ ಪಾಲೋ ತಿಳಿಯದು. ಮೇಲೆ ನಾನೇ ಪಡೆಯುವ ಅರ್ಥದಲ್ಲಿ ಬಳಸಿದ್ದೇನೆ. ಗೊಂದಲಕ್ಕೆ ಬೆಲೆ ತೆರಬೇಕಾದ ಜಾಗ ಇದು. ಇಷ್ಟು ಭರಿಸುತ್ತೇವೆಂದು ಆಯವ್ಯಯದಲ್ಲಿ ಬರೆದು, ಯೋಜನೆ ಮಂಜೂರಾದರೆ, ಸಾಮಾನ್ಯವಾಗಿ ಅದು ಲೆಕ್ಕ ಒಪ್ಪಿಸಲೇಬೇಕಾದ ಬದ್ಧತೆಯಾಗುತ್ತದೆ. ‘ಸ್ವಂತ ಭರಣ’ ಹೇಗೆ? ಜೀವನಾಂಶದ ವಾಸನೆ ಬರುತ್ತದೆಯೇ?

ಅಂದಹಾಗೆ, ಯಂತ್ರಾನುವಾದಕ್ಕೆ ಹಾಕಿದಾಗ ‘ಅವಾರ್ಡ್ ಲೆಟರ್’ ಎಂಬುದು ‘ಪ್ರಶಸ್ತಿ ಪತ್ರ’ವಾಗಿ ಬಂತು. ಹಾರ, ಶಾಲು ಮಾತ್ರ ಬಾಕಿ. ಅದನ್ನು ಮಂಜೂರಾತಿ ಪತ್ರ ಎಂದು ತಿದ್ದಿದ್ದೇನೆ, ಅದರ ಬಗ್ಗೆ ಚರ್ಚೆ ಬೇಡ.

ಬಿಡಿ ಪದವನ್ನಷ್ಟೇ ಸೂಚಿಸುವ ಬದಲು, ಕೈಪಿಡಿಯ ಈ ವಾಕ್ಯವನ್ನೇ ನಿಮ್ಮ ಪದ ಹಾಕಿ ಬರೆದು ಕಳುಹಿಸಿದರೆ ಹೆಚ್ಚು ಉಪಕಾರ: ‘ಪರೋಕ್ಷ ವೆಚ್ಚದ ದರವನ್ನು ಆಧಾರ ಮೊತ್ತಕ್ಕೆ ಅನ್ವಯಿಸಿ ಬಂದ ಹಣವನ್ನು ನೇರ ವೆಚ್ಚಕ್ಕೆ ಕೂಡಿಸಿ, ಒಟ್ಟು ಕೋರಿಕೆಯನ್ನು ಬರೆಯಿರಿ.’ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಕನ್ನಡದ ಟಿಪ್ಪಣಿಗಳಲ್ಲಿ ನೀವು ಇದಕ್ಕೆ ಏನೆಂದು ಬರೆಯುತ್ತೀರಿ? ‘ಓವರ್‌ಹೆಡ್’ ಎಂದೇ ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ ಎಂದರೂ ಸರಿ, ಅದನ್ನೂ ತಿಳಿಸಿ.