ಸಹಾಯ ಬೇಕು: ಏಪ್ರಿಲ್‌ನಲ್ಲಿ ಲೇಹ್, ಜೊತೆಗೆ 64 ವರ್ಷದ ಅಮ್ಮ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೇ ವಾರ ಬೆಂಗಳೂರಿನಿಂದ ದೆಹಲಿಗೆ, ಅಲ್ಲಿಂದ ಬೆಳಗಿನ ವಿಮಾನದಲ್ಲಿ ಲೇಹ್‌ಗೆ ನಾಲ್ಕು ಜನ ಹೊರಟಿದ್ದೇವೆ. ಅಮ್ಮ ಬಿಪಿ ಮಾತ್ರೆ ತಗೊಳ್ತಾರೆ. ನಮ್ಮೂರು ಸುಮಾರು 920 ಮೀಟರ್ ಎತ್ತರ, ಲೇಹ್ ಸುಮಾರು 3,500. ಒಂದೇ ಸಲ ಅಷ್ಟು ಏರಿದರೆ ಕಡಿಮೆ ಆಮ್ಲಜನಕಕ್ಕೆ ಹೊಂದಿಕೊಳ್ಳೋಕೆ ದೇಹಕ್ಕೆ ಸಮಯ ಸಿಗಲ್ಲ. ತಲೆನೋವು, ವಾಕರಿಕೆ ಶುರು. ಹಾಗಾಗಿ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಮೂರನೇ ದಿನ ಇನ್ನೂ ಎತ್ತರದ ಬೆಟ್ಟದ ದಾರಿ ಖರ್ದುಂಗ್ ಲಾ ಬೇಡವೇ ಬೇಡ, ಲೇಹ್‌ಗಿಂತ ತಗ್ಗಿನಲ್ಲಿರುವ ಆಲ್ಚಿ ಹಳ್ಳಿಗೆ. ಏಪ್ರಿಕಾಟ್ ಹೂವು ಲೇಹ್‌ಗಿಂತ ಮೊದಲು ಅರಳೋದೂ ಆ ಕಡೆಯೇ. ಎತ್ತರದ ತೊಂದರೆ ತಡೆಯೋಕೆ ತಗೊಳ್ಳುವ ಡಯಾಮಾಕ್ಸ್ ಮಾತ್ರೆ ವಿಚಾರ ವೈದ್ಯರನ್ನೇ ಕೇಳ್ತೇವೆ, ದಯವಿಟ್ಟು ಇಲ್ಲಿ ಬೇಡ.

ಬೇಕಿರೋದು ಇದು. ರಾತ್ರಿ ಇನ್ನೂ ಸೊನ್ನೆಗಿಂತ ಕೆಳಗಿಳಿಯುತ್ತೆ, ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತೆ. ರೂಮಿಗೆ ಹೀಟರ್, ಬಕೆಟ್‌ನಲ್ಲಿ ಬಿಸಿನೀರು, ನೆಲಮಹಡಿಯಲ್ಲೇ ಕೋಣೆ ಕೊಡುವ ಹೋಂಸ್ಟೇ ಗೊತ್ತಿದ್ದರೆ ತಿಳಿಸಿ. ಮೆಟ್ಟಿಲು ಹತ್ತಿದರೆ ಅಲ್ಲಿ ಉಸಿರು ಸಾಲಲ್ಲ.

ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಒಂದನ್ನು ಪೋಸ್ಟ್‌ಪೇಯ್ಡ್ ಮಾಡಿಸಿದ್ದಾಯ್ತು. ಆಲ್ಚಿಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತೆ?

ಹವಾಮಾನ ಕೆಟ್ಟರೆ ಲೇಹ್ ವಿಮಾನ ರದ್ದಾಗುತ್ತೆ. ಅದಕ್ಕೇ ದೆಹಲಿ–ಬೆಂಗಳೂರು ಟಿಕೆಟ್ ಮರುದಿನಕ್ಕೆ ಇಟ್ಟಿದ್ದೇವೆ. ಒಂದು ದಿನದ ಅಂತರ ಸಾಕಾ, ಎರಡು ಬೇಕಾ? ಏಪ್ರಿಲ್‌ನಲ್ಲಿ ಹೋಗಿಬಂದವರು ಹೇಳಿದರೆ ತುಂಬಾ ಉಪಕಾರ.