ಪದಚರ್ಚೆ: ‘ಮೂಲ ಆದಾಯ’ವೋ ‘ಕನಿಷ್ಠ ಆದಾಯ’ವೋ? ರಾಜ್ಯ ಸೇರಿಸುವ ಪಾಲಿಗೆ ಏನೆನ್ನೋಣ?

ಪ್ರಶ್ನೆ:
ಸರ್ಕಾರ ಷರತ್ತಿಲ್ಲದೆ ಎಲ್ಲರ ಖಾತೆಗೂ ತಿಂಗಳು ತಿಂಗಳು ಹಾಕುವ ಹಣಕ್ಕೆ ‘ಮೂಲ ಆದಾಯ’, ‘ಕನಿಷ್ಠ ಆದಾಯ’ ಎಂಬ ಎರಡು ಪದಗಳೂ ಬಳಕೆಯಲ್ಲಿವೆ. ‘ಮೂಲ ಆದಾಯ’ವನ್ನು ‘ಆದಾಯದ ಮೂಲ’ ಎಂದು ಓದಿಕೊಳ್ಳುವ ಅಪಾಯವಿದೆ. ಯಾವುದು ಸರಿ? ದೇಶಕ್ಕೆಲ್ಲ ಒಂದೇ ಮೊತ್ತವನ್ನು ಕೇಂದ್ರ ಗೊತ್ತುಮಾಡಿ, ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸಿದರೆ ಆ ಎರಡು ಪಾಲಿಗೆ ಏನೆನ್ನುವುದು? ಇದರ ಕರಡು ಬರೆಯುತ್ತಿದ್ದೇನೆ, ‘ಟಾಪ್ ಅಪ್’ ಬಿಟ್ಟು ಬೇರೆ ಹೊಳೆಯುತ್ತಿಲ್ಲ. ಬಲ್ಲವರು ತಿಳಿಸಿ.

ಉತ್ತರ:
‘ಕನಿಷ್ಠ ಆದಾಯ’ದ್ದು ಬೇರೆಯೇ ಲೆಕ್ಕ. ತಿಂಗಳಿಗೆ ಕನಿಷ್ಠ 6,000 ಎಂದು ಗೊತ್ತುಮಾಡಿದರೆ 4,000 ದುಡಿಯುವವರಿಗೆ 2,000 ಸಿಗುತ್ತದೆ, 7,000 ದುಡಿಯುವವರಿಗೆ ಏನೂ ಇಲ್ಲ. ಯಾರ ದುಡಿಮೆ ಎಷ್ಟೆಂದು ಅಳೆಯದೆ ಅದು ನಡೆಯದು. ಮೂಲ ಆದಾಯದಲ್ಲಿ ಅಳತೆಯೇ ಇಲ್ಲ, ಇಬ್ಬರಿಗೂ ಅಷ್ಟೇ ಮೊತ್ತ. 2016-17ರ ಕೇಂದ್ರ ಆರ್ಥಿಕ ಸಮೀಕ್ಷೆ ‘ಸಾರ್ವತ್ರಿಕ ಮೂಲ ಆದಾಯ’ ಎಂಬ ಹೆಸರಿನಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟದ್ದು ಈ ಮೂಲ ಆದಾಯಕ್ಕೆ. ಅಲ್ಲಿ ಹಾಕಿದ ಲೆಕ್ಕ ತಲಾ ವರ್ಷಕ್ಕೆ 7,620 ರೂಪಾಯಿ; ಅದೂ ಶೇ 75ರಷ್ಟು ಜನರಿಗೆ, ಹಾಗಾಗಿ ‘ಸಾರ್ವತ್ರಿಕ’ ಎಂಬ ವಿಶೇಷಣ ಅಲ್ಲಿ ಪೂರ್ತಿ ಸಲ್ಲುವುದಿಲ್ಲ.

‘ಮೂಲ’ವನ್ನು ಬಿಡಬೇಡಿ. ನೌಕರರ ಸಂಬಳದ ಚೀಟಿ ನೋಡಿ: ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಮೂಲ ವೇತನ ಊರು ನೋಡಿ ಬದಲಾಗುವುದಿಲ್ಲ. ಬಾಡಿಗೆ ಭತ್ಯೆಗೆ ಬೆಂಗಳೂರಿನಲ್ಲಿ ಒಂದು ದರ, ಮೈಸೂರಿನಲ್ಲಿ ಇನ್ನೊಂದು. ನೀವು ಕೇಳುತ್ತಿರುವ ಹಂಚಿಕೆಯೂ ಇದೇ. ಕೇಂದ್ರದ್ದು ‘ಮೂಲ ಮೊತ್ತ’, ರಾಜ್ಯದ್ದು ‘ರಾಜ್ಯ ಭತ್ಯೆ’ ಎಂದರೆ ವಿವರಣೆಯೇ ಬೇಡ. ‘ಸಹಾಯಧನ’ ಮಾತ್ರ ಬೇಡ. ಅದು ಹನಿ ನೀರಾವರಿ, ಟ್ರ್ಯಾಕ್ಟರಿನಂಥ ಒಂದು ವಸ್ತುವಿಗೆ ಅಂಟಿಕೊಂಡ ಪದ. ‘ಮಾಸಾಶನ’ ನನಗೆ ಬಹಳ ಇಷ್ಟದ ಪದ, ತಿಂಗಳ ಅನ್ನ ಎಂಬುದು ಅದರೊಳಗೇ ಇದೆ. ಆದರೆ ಅದು ವೃದ್ಧರಿಗೆ, ಕಲಾವಿದರಿಗೆ ಎಂದು ಬಳಕೆಯಲ್ಲಿ ನಿಂತುಬಿಟ್ಟಿದೆ.

ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ವೃದ್ಧಾಪ್ಯ ವೇತನವೇ ಸಾಕ್ಷಿ. 65 ದಾಟಿದವರಿಗೆ ಕರ್ನಾಟಕ ಗೊತ್ತುಮಾಡಿದ 1,200 ರೂಪಾಯಿಯಲ್ಲಿ, 80 ತುಂಬುವವರೆಗೆ, ಕೇಂದ್ರದ ಪಾಲು 200. ಅದೂ ಕೇಂದ್ರದ ಪಟ್ಟಿಯಲ್ಲಿದ್ದವರಿಗೆ ಮಾತ್ರ. ಬೆಲೆಯೊಡನೆ ಏರುವ ನಿಯಮವಿಲ್ಲದ್ದರಿಂದ ‘ಮೂಲ’ ಎನ್ನಬೇಕಾದದ್ದು ಚಿಲ್ಲರೆಯಾಗಿ, ಭಾರವೆಲ್ಲ ರಾಜ್ಯದ ಮೇಲೆ ಬಿತ್ತು. ಹಾಗಾಗಿ ‘ಮೂಲ ಮೊತ್ತ’ದ ಪಕ್ಕದಲ್ಲೇ ‘ಬೆಲೆ ಸೂಚ್ಯಂಕದಂತೆ ಏರುವ’ ಎಂದು ಸೇರಿಸಿ. ಇನ್ನೊಂದು ವಾಕ್ಯವೂ ಬೇಕು: ಕೇಂದ್ರ ಹೆಚ್ಚಿಸಿದಷ್ಟನ್ನು ರಾಜ್ಯ ತನ್ನ ಭತ್ಯೆಯಿಂದ ಕಳೆಯುವಂತಿಲ್ಲ. ಲೆಕ್ಕದ ಭಾಷೆಯಲ್ಲಿ ಇದು ‘ವಜಾ’, ಆದರೆ ಇಂದಿನ ಓದುಗರಿಗೆ ವಜಾ ಎಂದರೆ ಕೆಲಸದಿಂದ ತೆಗೆಯುವುದು. ‘ಕಳೆ’ ಸಾಕು.

ಇನ್ನು, ಹಣ ಯಾರದು ಎಂಬುದಕ್ಕಿಂತ ಪಟ್ಟಿ ಯಾರದು ಎಂಬುದೇ ದೊಡ್ಡ ಪ್ರಶ್ನೆ. ಪಿಎಂ ಕಿಸಾನ್‌ನ ವರ್ಷದ 6,000ಕ್ಕೆ ಕರ್ನಾಟಕ 2019ರಲ್ಲಿ 4,000 ಸೇರಿಸಿತ್ತು (2023ರಲ್ಲಿ ಅದು ನಿಂತಿತು). ಪಟ್ಟಿ ಜಮೀನು ಹೆಸರಿನಲ್ಲಿದ್ದವರದು. ಪಹಣಿಯಲ್ಲಿ ಹೆಸರಿಲ್ಲದೆ ಗೇಣಿಗೆ ಉಳುವವರಿಗೆ ಕೇಂದ್ರದ್ದೂ ಸಿಗಲಿಲ್ಲ, ರಾಜ್ಯದ್ದೂ ಸಿಗಲಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ಪೂರ್ತಿ ರಾಜ್ಯದ ದುಡ್ಡು, ಆದರೆ ಅದು ಸಲ್ಲುವುದು ಪಡಿತರ ಚೀಟಿಯ ಯಜಮಾನಿಗೆ. ಯಜಮಾನಿ ಯಾರೆಂದು ಹೇಳುವುದು 2013ರ ಕೇಂದ್ರ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್: ಮನೆಯಲ್ಲಿ 18 ತುಂಬಿದವರ ಪೈಕಿ ಹಿರಿಯ ಹೆಂಗಸು. ಅತ್ತೆ, ಸೊಸೆ ಒಂದೇ ಚೀಟಿಯಲ್ಲಿದ್ದರೆ ಹಣ ಅತ್ತೆಗೆ. ಯಜಮಾನಿಯೋ ಆಕೆಯ ಗಂಡನೋ ಆದಾಯ ತೆರಿಗೆ ಕಟ್ಟುವವರಾದರೆ ಇಲ್ಲ, ಅದಲ್ಲದೆ ಕೊಡುವುದು ಮನೆಗೊಬ್ಬರಿಗೇ. ಹೀಗಿರುವಾಗ ಇದನ್ನು ಮೂಲ ಆದಾಯ ಎಂದು ಕರೆಯುವುದು ತಪ್ಪು.

ನಿಮ್ಮ ಕರಡಿನಲ್ಲಿ ‘ಫಲಾನುಭವಿ’ ಇದ್ದರೆ ತೆಗೆದು ‘ಹಕ್ಕುದಾರ’ ಎಂದು ಹಾಕಿ, ಆರಿಸುವ ಮಾತೇ ಇಲ್ಲದಲ್ಲಿ ಫಲಾನುಭವಿ ಸಲ್ಲದು. ‘ಪ್ರತಿ ಕುಟುಂಬಕ್ಕೆ’ ಎಂದಿರುವ ಕಡೆಯೆಲ್ಲ ‘ತಲಾ’ ಎಂದು ತಿದ್ದಿ.