ಎರಡು ವೀಲ್‌ಚೇರ್, ಒಂದು ಕ್ರೂಸ್: ಕುಮಟಾದಿಂದ ಹೊರಡುವವರು ಮೊದಲು ಏನೇನು ವಿಚಾರಿಸಬೇಕು?

ಅಘನಾಶಿನಿ ಕುಮಟಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ವೀಲ್‌ಚೇರ್ ಬಳಸುವವರು ಇಬ್ಬರು. ಆಯಿಯದು ಕೈಯಿಂದ ತಳ್ಳುವ, ಮಡಚುವ ಕುರ್ಚಿ. ಹಿಡಿದುಕೊಂಡರೆ ಎದ್ದು ನಿಂತು ಒಂದೆರಡು ಹೆಜ್ಜೆ ಇಡುತ್ತಾಳೆ, ಮೆಟ್ಟಿಲು ಆಗುವುದಿಲ್ಲ. ಅಣ್ಣನಿಗೆ ಬೆನ್ನುಹುರಿಗೆ ಪೆಟ್ಟಾಗಿದೆ, ನಿಲ್ಲಲು ಬರುವುದಿಲ್ಲ, ಅವನದು ಬ್ಯಾಟರಿ ಕುರ್ಚಿ. ಜೊತೆಗೆ ನಾನು ಮತ್ತು ನನ್ನ ಹೆಂಡತಿ.

ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸು ಬರುವ ನಾಲ್ಕು ರಾತ್ರಿಯ ಕ್ರೂಸ್, ಆಮೇಲೆ ಸಿಂಗಾಪುರದಲ್ಲಿ ಮೂರು ದಿನ, ಹೀಗೊಂದು ಪ್ಯಾಕೇಜ್ ನೋಡಿದ್ದೇವೆ. "ವೀಲ್‌ಚೇರ್ ಸೌಲಭ್ಯ ಉಂಟು, ಚಿಂತೆ ಬೇಡ" ಎನ್ನುತ್ತಾರೆ ಏಜೆಂಟರು. ಹಣ ಕಟ್ಟುವ ಮೊದಲು ಏನೇನು ಖಚಿತ ಮಾಡಿಕೊಳ್ಳಬೇಕು? ಕುಮಟಾದಿಂದ ಬೆಂಗಳೂರು ವಿಮಾನ ನಿಲ್ದಾಣದವರೆಗೆ ಹೋಗುವುದು ಹೇಗೆ?

ಬೈತಖೋಲ್ ಉತ್ತರ:

ಏಜೆಂಟರು ಹೇಳುವ "ವೀಲ್‌ಚೇರ್ ಸೌಲಭ್ಯ" ಹೆಚ್ಚಿನ ಸಲ ಏರ್‌ಪೋರ್ಟಿನಲ್ಲಿ ಕುರ್ಚಿ ತಳ್ಳಲು ಒಬ್ಬ ಬರುತ್ತಾನೆ ಎಂಬಷ್ಟಕ್ಕೆ ಮುಗಿಯುತ್ತದೆ. ನೀವು ಕೇಳಬೇಕಾದದ್ದು ಕ್ಯಾಬಿನ್ನಿನ ನಂಬರು. ಅದು ವೀಲ್‌ಚೇರಿನವರಿಗೆಂದೇ ಕಟ್ಟಿದ ಕ್ಯಾಬಿನ್ ಹೌದೋ ಅಲ್ಲವೋ ಎಂದು ಹಡಗಿನ ಕಂಪನಿಯಿಂದಲೇ ಲಿಖಿತವಾಗಿ ಬರಬೇಕು. ಅದು ಕೈಗೆ ಬರುವ ತನಕ ಮುಂಗಡ ಕಟ್ಟಬೇಡಿ.

ಇವತ್ತೇ ಟೇಪು ಹಿಡಿದು ಎರಡೂ ಕುರ್ಚಿ ಅಳೆಯಿರಿ. ಸೀಟಿನ ಅಗಲ ಅಲ್ಲ, ಒಂದು ಬದಿಯ ಕೈಬಳೆಯ (ಚಕ್ರ ತಿರುಗಿಸಲು ಕೈಯಿಂದ ಹಿಡಿಯುವ ಹೊರಬಳೆ) ಹೊರ ಅಂಚಿನಿಂದ ಇನ್ನೊಂದು ಬದಿಯ ಕೈಬಳೆಯ ಹೊರ ಅಂಚಿನವರೆಗೆ. ನಮ್ಮಲ್ಲಿ ಸಿಗುವ 18 ಇಂಚು ಸೀಟಿನ ಸಾಮಾನ್ಯ ಕುರ್ಚಿ ಹೀಗೆ ಅಳೆದರೆ 25–26 ಇಂಚು ಬರುತ್ತದೆ. ಹಡಗಿನ ಮಾಮೂಲಿ ಕ್ಯಾಬಿನ್ ಬಾಗಿಲು ಸುಮಾರು 23 ಇಂಚು. ಕುರ್ಚಿ ಒಳಗೇ ಹೋಗುವುದಿಲ್ಲ. ಹೊರಗೆ ಓಣಿಯಲ್ಲಿ ಬಿಡುತ್ತೇವೆ ಎಂದರೆ ಬಿಡಲು ಕೊಡುವುದಿಲ್ಲ, ಬೆಂಕಿ ಬಿದ್ದಾಗ ಜನ ಓಡುವ ದಾರಿ ಅದು. ಮಾಮೂಲಿ ಕ್ಯಾಬಿನ್ನಿನ ಬಚ್ಚಲಿಗೆ ಎತ್ತರದ ಹೊಸ್ತಿಲೂ ಇರುತ್ತದೆ.

ವೀಲ್‌ಚೇರ್ ಕ್ಯಾಬಿನ್ನಿನಲ್ಲಿ ಬಾಗಿಲು 32 ಇಂಚು, ಒಳಗೆ ಕುರ್ಚಿ ಪೂರ್ತಿ ತಿರುಗಲು 5 ಅಡಿ ಜಾಗ, ಹೊಸ್ತಿಲಿಲ್ಲದ ಬಚ್ಚಲು, ಕುರ್ಚಿ ಸಮೇತ ಒಳಹೋಗುವ ಶವರ್, ಗೋಡೆಗೆ ಮಡಚುವ ಸೀಟು, ಹಿಡಿಕೆಗಳು. ಸಾವಿರಾರು ಜನ ಹಿಡಿಸುವ ಹಡಗಿನಲ್ಲೂ ಇಂಥವು ಕೆಲವೇ ಇರುವುದರಿಂದ ಮೊದಲು ಖಾಲಿಯಾಗುವುದು ಇವೇ. ಹಾಗಾಗಿ ತಾರೀಖು ಮೊದಲೇ ನಿಗದಿ ಮಾಡಿಕೊಂಡು ಕ್ಯಾಬಿನ್ ಹುಡುಕಬೇಡಿ. ಕ್ಯಾಬಿನ್ ಯಾವ ತಾರೀಖಿಗೆ ಸಿಗುತ್ತದೋ ಆ ತಾರೀಖಿಗೆ ಹೊರಡಿ.

ನೀವು ನಾಲ್ಕು ಜನ. ಆ 5 ಅಡಿ ಜಾಗದಲ್ಲಿ ಎರಡು ಕುರ್ಚಿ ಒಟ್ಟಿಗೆ ತಿರುಗಲಾರವು. ಆಯಿಯ ಕುರ್ಚಿಯನ್ನು ರಾತ್ರಿ ಮಡಚಿಡಬಹುದಾದರೆ ಅವರಿಗೂ ಅಣ್ಣನಿಗೂ ಒಂದು ವೀಲ್‌ಚೇರ್ ಕ್ಯಾಬಿನ್, ನಿಮ್ಮಿಬ್ಬರಿಗೆ ಪಕ್ಕದ ಮಾಮೂಲಿ ಕ್ಯಾಬಿನ್ ಸಾಕು. ನಡುವೆ ಒಳಬಾಗಿಲು ಇರುವ ಜೋಡಿ ಸಿಕ್ಕರೆ ಇನ್ನೂ ಒಳ್ಳೆಯದು. ಹಾಸಿಗೆಗಳನ್ನು ಬೇರೆ ಮಾಡಿಸಿದಾಗ ಓಡಾಡುವ ಜಾಗ ಎಷ್ಟು ಉಳಿಯುತ್ತದೆ ಎಂದು ಕೇಳಿ. ಅಣ್ಣನನ್ನು ಎತ್ತಲು ಹಾಯ್ಸ್ಟ್ (ಎತ್ತುವ ಯಂತ್ರ) ಬಳಸುವುದಾದರೆ ಅದರ ಕಾಲು ನುಗ್ಗಲು ಮಂಚದ ಕೆಳಗೆ ಸಂದು ಇದೆಯೇ ಎಂದೂ ಕೇಳಿ.

ಬುಕ್ ಆದ ಮೇಲೆ ವಿಶೇಷ ಅಗತ್ಯಗಳ ಫಾರ್ಮ್ ತುಂಬಬೇಕು, ಹೊರಡುವುದಕ್ಕೆ ಕನಿಷ್ಠ 30 ದಿನ ಮೊದಲು. ಕುರ್ಚಿಯ ಅಳತೆ, ತೂಕ, ಬ್ಯಾಟರಿಯ ಜಾತಿ, ಶವರ್ ಕುರ್ಚಿ, ಎತ್ತರದ ಕಮೋಡ್ ಸೀಟು, ಎಲ್ಲ ಅದರಲ್ಲೇ ಬರೆಯಿರಿ. ಹತ್ತಿದ ದಿನವೇ ಅಪಾಯ ತಾಲೀಮು ಇರುತ್ತದೆ. ನಿಜವಾದ ಅಪಾಯದಲ್ಲಿ ಲಿಫ್ಟ್ ಬಳಸುವಂತಿಲ್ಲ, ಸಿಬ್ಬಂದಿ ಎತ್ತಿಕೊಂಡು ಇಳಿಸಬೇಕು. ನಿಮ್ಮ ಕ್ಯಾಬಿನ್ನಿಗೆ ಯಾರು ಬರುತ್ತಾರೆ, ಎಲ್ಲಿ ಸೇರಬೇಕು ಎಂದು ಅಂದೇ ಕೇಳಿಟ್ಟುಕೊಳ್ಳಿ. ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಎಷ್ಟೋ ಹಡಗುಗಳಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಚಾರ್ಜರಿಗೆ ಬೇಕು ಎಂದು ಆ ಫಾರ್ಮಿನಲ್ಲೇ ಬರೆದರೆ ಅವರೇ ಕೊಡುವುದುಂಟು. ಚಾರ್ಜರ್ ಮೇಲೆ 100–240 ವೋಲ್ಟ್ ಎಂದು ಅಚ್ಚಾಗಿದೆಯೇ ನೋಡಿ. ಬರೀ 220 ಎಂದಿದ್ದರೆ ಹಡಗಿನ 110 ವೋಲ್ಟಿನ ಪ್ಲಗ್ಗಿನಲ್ಲಿ ಅದು ಕೆಲಸ ಮಾಡದು.

ಇನ್ನು ಬಂದರುಗಳು. ಪೆನಾಂಗಿನಲ್ಲಿ ಹಡಗು ಜಾರ್ಜ್‌ಟೌನಿನ ಸ್ವೆಟನ್‌ಹ್ಯಾಮ್ ಧಕ್ಕೆಗೇ ತಾಗಿ ನಿಲ್ಲುತ್ತದೆ, ಕುರ್ಚಿಯಲ್ಲೇ ಇಳಿಯಬಹುದು. ಫುಕೆಟ್ಟಿನಲ್ಲಿ ಪಟಾಂಗ್ ಎದುರು ನೀರಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುವುದುಂಟು, ಅದಕ್ಕೆ ಟೆಂಡರ್ ಎನ್ನುತ್ತಾರೆ. ಹಡಗೂ ದೋಣಿಯೂ ಬೇರೆಬೇರೆ ಲಯದಲ್ಲಿ ಏಳುತ್ತ ಬೀಳುತ್ತ ಇರುವಾಗ ನಡುವಿನ ಸಂದು ದಾಟಬೇಕು. ಬ್ಯಾಟರಿ ಕುರ್ಚಿಯನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ, ಮಡಚುವ ಕುರ್ಚಿಯವರೂ ಎದ್ದು ಹೆಜ್ಜೆ ಇಡಬೇಕಾಗಬಹುದು. ಬೆಳಿಗ್ಗೆ ಅಲೆ ನೋಡಿ ಕ್ಯಾಪ್ಟನ್ ಬೇಡ ಎಂದರೆ ಮುಗಿಯಿತು. ಪ್ರತಿ ಬಂದರಿಗೂ "ಧಕ್ಕೆಯೋ, ಟೆಂಡರೋ" ಎಂದು ಬರೆಸಿಕೊಳ್ಳಿ. ಪೆನಾಂಗ್ ಮಾತ್ರ ಇರುವ, ಒಂದು ರಾತ್ರಿ ಕಡಿಮೆಯ ಕ್ರೂಸ್ ಸಿಕ್ಕರೆ ನಿಮ್ಮ ಮನೆಯವರಿಗೆ ಅದೇ ಮೇಲು. ಅಣ್ಣ ಹಡಗಿನಲ್ಲೇ ಉಳಿದು ಉಳಿದವರು ಫುಕೆಟ್ ನೋಡಿ ಬರುವುದು ಯಾರಿಗೂ ರುಚಿಸದು.

ಧಕ್ಕೆಯಲ್ಲೂ ಗ್ಯಾಂಗ್‌ವೇ, ಅಂದರೆ ಹಡಗಿನಿಂದ ಧಕ್ಕೆಗೆ ಇಳಿಯುವ ಹಾದಿಯ ಇಳಿಜಾರು ಭರತ-ಇಳಿತದ ಜೊತೆ ಬದಲಾಗುತ್ತದೆ. ಬೆಳಿಗ್ಗೆ ಸಪಾಟಾಗಿದ್ದದ್ದು ಸಂಜೆ ಕಡಿದಾಗಿರಬಹುದು. ಇಳಿಯುವಾಗ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ, ತಳ್ಳಲು ಸಿಬ್ಬಂದಿಯನ್ನು ಕರೆಯಿರಿ.

ಶಿರವಾಡ ಪ್ಲಾಟ್‌ಫಾರ್ಮ್ ಉತ್ತರ:

ಹಡಗಿನದ್ದು ಬೈತಖೋಲಿನವರು ಹೇಳಿದ್ದಾರೆ. ನಾನು ರೈಲು, ವಿಮಾನದ್ದಷ್ಟೇ ಹೇಳುತ್ತೇನೆ.

ಕಾರವಾರ–ಬೆಂಗಳೂರು ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ಕುಮಟಾದಲ್ಲಿ ಹತ್ತಬೇಡಿ. ಅಲ್ಲಿ ಗಾಡಿ ನಿಲ್ಲುವುದು ಎರಡೇ ನಿಮಿಷ. ಅಷ್ಟರಲ್ಲಿ ಇಬ್ಬರನ್ನು ಎತ್ತಿ ಒಳಗೆ ಕೂರಿಸಿ, ಎರಡು ಕುರ್ಚಿ, ಬ್ಯಾಟರಿ, ಚೀಲ ಏರಿಸುವುದು ಆಗದ ಮಾತು. ಗಾಡಿ ಹೊರಡುವುದೇ ಕಾರವಾರದಿಂದ, ಅಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಮೊದಲೇ ನಿಂತಿರುತ್ತದೆ. ಉತ್ತರಕ್ಕೆ ಒಂದೂವರೆ ತಾಸು ವಾಪಸು ಹೋಗಬೇಕಾದರೂ ಅಡ್ಡಿಲ್ಲ, ಅಲ್ಲೇ ಹತ್ತಿ. ಎಸಿ ಡಬ್ಬಿಯ ಒಳದಾರಿಯಲ್ಲಿ ದೊಡ್ಡ ಚಕ್ರದ ಕುರ್ಚಿ ಹೋಗದು. ಬಾಗಿಲಿನಿಂದ ಸೀಟಿಗೆ ಹೊತ್ತೇ ಒಯ್ಯಬೇಕು, ಹಾಗಾಗಿ ಬಾಗಿಲಿಗೆ ಹತ್ತಿರದ ಕೆಳಬರ್ತ್ ಕೇಳಿ. ಇಬ್ಬರು ಆಳು ಬೇಕೇ ಬೇಕು. ಬಗಲಿಗೆ ಕೈ ಕೊಟ್ಟು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಅಗಲದ ಗಟ್ಟಿ ಬಟ್ಟೆಯ, ಹಿಡಿಕೆ ಹೊಲಿದ ಎತ್ತುವ ಹಾಸು ಒಂದು ಇಟ್ಟುಕೊಳ್ಳಿ, ವಿಮಾನದಲ್ಲೂ ಅದೇ ಉಪಯೋಗಕ್ಕೆ ಬರುತ್ತದೆ.

ಜೊತೆಯವರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ಸ್ಲೀಪರ್ ಮತ್ತು ತ್ರೀ ಟಿಯರ್ ಎಸಿಯಲ್ಲಿ ಶೇ. 75 ರಿಯಾಯಿತಿ, ಟೂ ಟಿಯರ್ ಎಸಿಯಲ್ಲಿ ಶೇ. 50. ಜೊತೆಗಿರುವ ಒಬ್ಬರಿಗೂ ಅಷ್ಟೇ. ಇದಕ್ಕೆ ರೈಲ್ವೆಯ ದಿವ್ಯಾಂಗ ಗುರುತುಚೀಟಿ ಬೇಕು, ಅರ್ಜಿ ಆನ್‌ಲೈನ್. ಚೀಟಿ ಬರಲು ಸಮಯ ಹಿಡಿಯುತ್ತದೆ, ಈಗಲೇ ಹಾಕಿ.

ವಿಮಾನಕ್ಕೆ ಕನಿಷ್ಠ 48 ತಾಸು ಮೊದಲು ಕಂಪನಿಗೆ ತಿಳಿಸಬೇಕು, ಇದು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ಟಿಕೆಟ್ಟಿನಲ್ಲಿ ಯಾವ ಸಂಕೇತ ಹಾಕಿದ್ದಾರೆ ಎಂದು ಕಣ್ಣಾರೆ ನೋಡಿ. ಡಬ್ಲ್ಯೂಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲವರು, ಡಬ್ಲ್ಯೂಸಿಎಚ್‌ಎಸ್ ಎಂದರೆ ಮೆಟ್ಟಿಲು ಆಗದು ಆದರೆ ಸೀಟಿನವರೆಗೆ ನಡೆಯಬಲ್ಲವರು, ಡಬ್ಲ್ಯೂಸಿಎಚ್‌ಸಿ ಎಂದರೆ ಸೀಟಿನವರೆಗೂ ಒಯ್ಯಬೇಕಾದವರು. ಏಜೆಂಟರು ಎಲ್ಲರಿಗೂ ಮೊದಲನೆಯದನ್ನೇ ಒತ್ತಿಬಿಡುತ್ತಾರೆ. ಆಮೇಲೆ ವಿಮಾನದ ಬಾಗಿಲಲ್ಲಿ ಸೀಟುಗಳ ನಡುವಿನ ಓಣಿಯಲ್ಲಿ ಸಾಗುವ ಕಿರುಕುರ್ಚಿ ಇರುವುದಿಲ್ಲ, ಹೊತ್ತು ಒಯ್ಯುವ ಜನವೂ ಇರುವುದಿಲ್ಲ. ಒಂದೆರಡು ಹೆಜ್ಜೆಯಲ್ಲಿ ಸೀಟು ಮುಟ್ಟಲಾಗದು, ಆದ್ದರಿಂದ ನಿಮ್ಮವರಿಬ್ಬರಿಗೂ ಮೂರನೆಯದೇ ಆಗಬೇಕು.

ಕುರ್ಚಿಯನ್ನು ಚೆಕ್‌ಇನ್ ಕೌಂಟರಿನಲ್ಲಿ ಬಿಟ್ಟುಕೊಡಬೇಡಿ. ವಿಮಾನದ ಬಾಗಿಲವರೆಗೆ ಬರುತ್ತದೆ ಎಂದು ಟ್ಯಾಗ್ ಹಾಕಿಸಿ. ಕಾಲುಮಣೆ, ಕುಶನ್, ತೆಗೆಯಲು ಬರುವ ಕೈಯಾಸರೆ ಕಳಚಿ ಒಂದು ಚೀಲಕ್ಕೆ ಹಾಕಿ ಕೈಸಾಮಾನಿನಲ್ಲಿ ಒಯ್ಯಿರಿ, ಕಳೆಯುವುದೂ ಮುರಿಯುವುದೂ ಅವೇ. ಗಂಟೆಗಟ್ಟಲೆ ವಿಮಾನದ ಸೀಟಿನಲ್ಲಿ ಕೂರುವ ಅಣ್ಣನಿಗೆ ಆ ಕುಶನ್ ಕೆಳಗೆ ಬೇಕೇ ಬೇಕು, ಇಲ್ಲದಿದ್ದರೆ ಒತ್ತಡದ ಹುಣ್ಣು. ಕ್ಯಾತೆಟರ್ (ಮೂತ್ರದ ನಳಿಕೆ) ಬಳಸುವುದಾದರೆ ಲೆಕ್ಕದ ಎರಡರಷ್ಟು, ವೈದ್ಯರ ಪತ್ರದ ಜೊತೆ, ಅದೂ ಕೈಸಾಮಾನಿನಲ್ಲೇ.

ಅಣ್ಣನ ಕುರ್ಚಿಯ ಬ್ಯಾಟರಿ ಎಷ್ಟರದ್ದು? ಲಿಥಿಯಂ ಹೌದೇ? ಕುರ್ಚಿ ಮಡಚುತ್ತದೆಯೇ? ಅದು ತಿಳಿಯದೆ ಮುಂದೆ ಹೇಳುವಂತಿಲ್ಲ.

ಅಘನಾಶಿನಿ ಕುಮಟಾ:

ಇಬ್ಬರಿಗೂ ದೊಡ್ಡ ಉಪಕಾರ. ಅಳತೆ ತೆಗೆದೆ: ಆಯಿಯ ಕುರ್ಚಿ 25½ ಇಂಚು, ಅಣ್ಣನದು 24. ಅಣ್ಣನ ಕುರ್ಚಿ ಮಡಚುತ್ತದೆ. ಬ್ಯಾಟರಿ ಲಿಥಿಯಂ, ಒಂದೇ, ಕಳಚಲು ಬರುತ್ತದೆ. ಮೇಲೆ 24 ವೋಲ್ಟ್, 20 ಆಂಪಿಯರ್-ಅವರ್ ಎಂದಿದೆ. ಫುಕೆಟ್ ಟೆಂಡರ್ ಹೌದಂತೆ. "ಎತ್ತಿ ಹಾಕುತ್ತಾರೆ ಬಿಡಿ" ಎಂದರು ಏಜೆಂಟರು.

ಶಿರವಾಡ ಪ್ಲಾಟ್‌ಫಾರ್ಮ್:

24ನ್ನು 20ರಿಂದ ಗುಣಿಸಿ: 480 ವ್ಯಾಟ್-ಅವರ್. ಮಡಚುವ ಕುರ್ಚಿಯಿಂದ ಕಳಚಿ ಒಯ್ಯುವ ಒಂಟಿ ಲಿಥಿಯಂ ಬ್ಯಾಟರಿಗೆ ವಿಮಾನದಲ್ಲಿ ಮಿತಿ 300, ಎರಡು ಬ್ಯಾಟರಿಯ ಕುರ್ಚಿಯಾದರೆ ಒಂದೊಂದಕ್ಕೆ 160. ನಿಮ್ಮದು ಹಾಗೇ ಹೋದರೆ ಬೆಂಗಳೂರಿನಲ್ಲೇ ತಡೆಯುತ್ತಾರೆ, ಆ ಹೊತ್ತಿನಲ್ಲಿ ವಾದ ನಡೆಯದು.

ಕುರ್ಚಿ ಮಾಡಿದ ಕಂಪನಿಯ ಸಣ್ಣ ಬ್ಯಾಟರಿ ಸಿಗುತ್ತದೆಯೇ ವಿಚಾರಿಸಿ. 24 ವೋಲ್ಟ್ 12 ಆಂಪಿಯರ್-ಅವರ್ ಆದರೆ 288, ಮಿತಿಯೊಳಗೆ. 300ರೊಳಗಿನ ಇನ್ನೊಂದನ್ನು ಹೆಚ್ಚುವರಿಯಾಗಿ ಒಯ್ಯಲು ನಿಯಮದಲ್ಲಿ ಅವಕಾಶ ಉಂಟು. ಎರಡು ಸೇರಿದರೆ ಈಗಿನದಕ್ಕಿಂತ ಹೆಚ್ಚೇ ಓಡುತ್ತದೆ. ವ್ಯಾಟ್-ಅವರ್ ಸ್ಪಷ್ಟವಾಗಿ ಅಚ್ಚಾಗಿರಬೇಕು. ಲೇಬಲ್ ಇಲ್ಲದ, ಬೀದಿ ಅಂಗಡಿಯಲ್ಲಿ ಸೆಲ್ ಜೋಡಿಸಿ ಕೊಟ್ಟ ಬ್ಯಾಟರಿ ಬೇಡವೇ ಬೇಡ. ಕಳಚಿದ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ, ಒಂದೊಂದನ್ನೂ ಬೇರೆ ಚೀಲದಲ್ಲಿಟ್ಟು ಕೈಯಲ್ಲೇ ಒಯ್ಯಬೇಕು, ಕೆಳಗಿನ ಸಾಮಾನಿಗೆ ಹಾಕುವಂತಿಲ್ಲ. ವಿಮಾನ ಕಂಪನಿಯ ಒಪ್ಪಿಗೆಯ ಇಮೇಲ್ ಮುದ್ರಿಸಿ ಇಟ್ಟುಕೊಳ್ಳಿ. ಸಣ್ಣ ಬ್ಯಾಟರಿ ಸಿಗದಿದ್ದರೆ ಸಿಂಗಾಪುರದಲ್ಲಿ ಬಾಡಿಗೆ ಕುರ್ಚಿ ನೋಡಬೇಕಾಗುತ್ತದೆ. ಆದರೆ ಬೆನ್ನುಹುರಿ ಪೆಟ್ಟಿನವರಿಗೆ ಅಳತೆಯಲ್ಲದ ಕುರ್ಚಿಯಲ್ಲಿ ವಾರ ಕಳೆಯುವುದು ಕಷ್ಟ, ಅದು ಕೊನೆಯ ದಾರಿ.

ಮಾರಿಗುಡಿ ಬೀದಿ, ಶಿರಸಿ:

ಸಿಂಗಾಪುರದ ಮೂರು ದಿನಕ್ಕೆ ಪ್ಯಾಕೇಜಿನ ಬಸ್ಸು ಬೇಡ. ಟೂರಿನ ದೊಡ್ಡ ಕೋಚುಗಳಿಗೆ ಬಾಗಿಲಲ್ಲೇ ಎತ್ತರದ ಮೆಟ್ಟಿಲು, ಪ್ರತಿ ನಿಲುಗಡೆಯಲ್ಲೂ ಅಣ್ಣನನ್ನು ಹೊತ್ತು ಇಳಿಸಬೇಕು. ಅಲ್ಲಿಯ ಎಂಆರ್‌ಟಿ (ಮೆಟ್ರೋ ರೈಲು) ನಿಲ್ದಾಣಗಳಿಗೆಲ್ಲ ಲಿಫ್ಟ್ ಉಂಟು, ಊರ ಬಸ್ಸುಗಳಿಗೆ ಚಾಲಕರೇ ಇಳಿದು ಹಾಕುವ ರ‍್ಯಾಂಪ್ ಉಂಟು. ಕೆಲವು ಬಸ್ಸುಗಳಲ್ಲಿ ಒಂದೇ ವೀಲ್‌ಚೇರ್ ಜಾಗ. ಆಯಿ ಮೊದಲ ಬಸ್ಸಿಗೆ ಒಬ್ಬರ ಜೊತೆ, ಅಣ್ಣ ಮುಂದಿನದಕ್ಕೆ ಇನ್ನೊಬ್ಬರ ಜೊತೆ ಎಂದು ಮೊದಲೇ ಮಾತಾಡಿಕೊಳ್ಳಿ, ಇಳಿಯುವ ನಿಲ್ದಾಣದ ಹೆಸರು ಇಬ್ಬರ ಕೈಯಲ್ಲೂ ಇರಲಿ. ಸಾಮಾನು ಇರುವ ದಿನ ಮಾತ್ರ ರ‍್ಯಾಂಪ್ ಇರುವ ದೊಡ್ಡ ಟ್ಯಾಕ್ಸಿ ಮುಂಗಡ ಬುಕ್ ಮಾಡಿ.

ಮರೀನಾ ಬೇ ದಂಡೆ ಪೂರ್ತಿ ಸಪಾಟು. ಗಾರ್ಡನ್ಸ್ ಬೈ ದ ಬೇ ಗಾಜಿನ ಮನೆಗಳಲ್ಲಿ ಲಿಫ್ಟ್, ಇಳಿಜಾರು ಎರಡೂ ಉಂಟು, ಅರ್ಧ ದಿನ ಅಲ್ಲೇ ಇಡಬಹುದು. ಲಿಟ್ಲ್ ಇಂಡಿಯಾದಲ್ಲಿ ಸೆರಂಗೂನ್ ರಸ್ತೆಯ ಬದಿ ಸಸ್ಯಾಹಾರದ ಊಟ ಸಿಗುತ್ತದೆ. ಆದರೆ ಹಳೆಯ ಅಂಗಡಿಸಾಲಿನ ಜಗಲಿಗಳು ಅಂಗಡಿಗೊಂದು ಎತ್ತರ, ನಡುನಡುವೆ ಮೆಟ್ಟಿಲು. ಪೆನಾಂಗಿನ ಜಾರ್ಜ್‌ಟೌನಿನಲ್ಲೂ ಇದೇ ಕತೆ.

ವೀಸಾದಲ್ಲಿ ಒಂದು ಸೂಕ್ಷ್ಮ. ಹಡಗು ಹತ್ತಿದಾಗ ಸಿಂಗಾಪುರ ಬಿಟ್ಟಂತೆ, ವಾಪಸು ಇಳಿದಾಗ ಮತ್ತೆ ಪ್ರವೇಶ. ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶದ್ದು ಎಂದು ಖಚಿತ ಮಾಡಿಕೊಳ್ಳಿ. ಎರಡೂ ಸಲ ಅರೈವಲ್ ಕಾರ್ಡ್ ತುಂಬಬೇಕು, ಪುಕ್ಕಟೆ, ಮುಟ್ಟುವ ಮೊದಲಿನ ಮೂರು ದಿನದೊಳಗೆ.

ಶರಾವತಿ ದಡ, ಹೊನ್ನಾವರ:

ಎಲ್ಲ ಬುಕ್ ಮಾಡುವ ಮೊದಲು ಇಲ್ಲೇ ಎರಡು ದಿನ ಇದೇ ಕುರ್ಚಿ, ಇದೇ ಕುಶನ್, ಇದೇ ನಾಲ್ಕು ಜನ ಹೊರಟು ನೋಡಿ. ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಕಡಲತೀರ ಮಾನ್ಯತೆ ಸಿಕ್ಕಿದೆ, ಆ ಮಾನ್ಯತೆಯ ಷರತ್ತುಗಳಲ್ಲಿ ಅಂಗವಿಕಲರ ಪ್ರವೇಶವೂ ಶೌಚಾಲಯವೂ ಸೇರಿವೆ. ಅಲ್ಲಿಯ ಶೌಚಾಲಯದಲ್ಲಿ ಕುರ್ಚಿಯಿಂದ ಕಮೋಡಿಗೆ ದಾಟಿಸುವುದನ್ನು ಅಭ್ಯಾಸ ಮಾಡಿ. ಮುರ್ಡೇಶ್ವರದ ರಾಜಗೋಪುರಕ್ಕೆ ಲಿಫ್ಟ್ ಉಂಟು, ಜನಜಂಗುಳಿಯಲ್ಲಿ ಎರಡು ಕುರ್ಚಿ ಒಟ್ಟಿಗೆ ಸಾಗಿಸುವುದು ಹೇಗೆ ಎಂದು ಅಲ್ಲಿ ತಿಳಿಯುತ್ತದೆ. ಕಾಂಡ್ಲಾವನದ (ಮ್ಯಾಂಗ್ರೋವ್ ಕಾಡಿನ) ಹಲಗೆ ಹಾದಿಯಲ್ಲಿ ಮುಂದಿನ ಚಿಕ್ಕ ಗಾಲಿ ಸಂದಿಗೆ ಓರೆಯಾಗಿ ಹೋಗದಂತೆ ನೇರ ಹಿಡಿಯಬೇಕು, ಇಲ್ಲದಿದ್ದರೆ ಕುರ್ಚಿ ಗಕ್ಕನೆ ನಿಂತು ಕುಳಿತವರು ಮುಂದಕ್ಕೆ ಬೀಳುತ್ತಾರೆ.

ಹೊನ್ನಾವರದಲ್ಲಿ ಶರಾವತಿಯ ಪ್ರವಾಸಿ ದೋಣಿ ಹತ್ತುವ ಜಾಗಕ್ಕೆ ಹೋಗಿ ಸುಮ್ಮನೆ ಸ್ವಲ್ಪ ಹೊತ್ತು ನಿಂತು ನೋಡಿ. ಇಳಿತದಲ್ಲಿ ದೋಣಿ ಜೆಟ್ಟಿಗಿಂತ ಕೆಳಗೆ, ಭರತದಲ್ಲಿ ಹತ್ತಿರ ಹತ್ತಿರ ಸಮ. ಶಾಂತ ಹೊಳೆಯಲ್ಲೇ ಅಂಚು ಹೀಗೆ ಏರಿಳಿಯುತ್ತದೆ, ಪಟಾಂಗಿನ ತೆರೆದ ಸಮುದ್ರದಲ್ಲಿ ಏನಾದೀತು ಎಂದು ಅಣ್ಣನೇ ಕಣ್ಣಾರೆ ನೋಡಿ ತೀರ್ಮಾನ ಮಾಡಲಿ. "ಎತ್ತಿ ಹಾಕುತ್ತಾರೆ" ಎಂದ ಏಜೆಂಟರು ಎತ್ತಲು ಬರುವುದಿಲ್ಲ.

ಮರಳು, ಉಪ್ಪುಗಾಳಿಯಿಂದ ಬಂದ ದಿನ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಚೌಕಟ್ಟು ಒರೆಸಿ, ಚಿಕ್ಕ ಗಾಲಿಯ ಅಚ್ಚಿಗೆ ಸುತ್ತಿದ ಕೂದಲು-ನಾರು ತೆಗೆಯಿರಿ. ಬ್ಯಾಟರಿ ಕುರ್ಚಿಗೆ ಪೈಪಿನ ನೀರು ಬಿಡಬೇಡಿ. ಪ್ರವಾಸಕ್ಕೆ 4, 5, 6 ಮಿ.ಮೀ. ಆಲನ್ ಕೀ, ಪ್ಲಾಸ್ಟಿಕ್ ಟೈ, ಗಾಳಿ ಟಯರಾದರೆ ಆಯಿಯ ಕುರ್ಚಿಯ ಅಳತೆಯ ಒಂದು ಟ್ಯೂಬು ಸಾಕು. ಟಯರಿನ ಬದಿಯಲ್ಲಿ ಅಚ್ಚಾದ ಅಳತೆ ನೋಡಿ ಕೊಳ್ಳಿ, 24 ಇಂಚಿನದಾದರೆ ಸೈಕಲ್ ಅಂಗಡಿಯಲ್ಲೇ ಸಿಗಬಹುದು. ಅಣ್ಣನ ಕುರ್ಚಿಯ ಮೋಟಾರು ಬಿಡಿಸಿ ಕೈಯಿಂದ ತಳ್ಳುವ ಸನ್ನೆ ಎಲ್ಲಿದೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ಬಾಣದ ಗುರುತು ಹಾಕಿ ಬೆನ್ನಿಗೆ ಅಂಟಿಸಿ. ಅದು ಗೊತ್ತಿಲ್ಲದೆ ಲೋಡ್ ಮಾಡುವವರು ಎಳೆದಾಡಿದರೆ ಹಾಳಾಗುವುದು ಗೇರ್‌ಪೆಟ್ಟಿಗೆ.